ಹತ್ತು ಲಕ್ಷ ಇಪ್ಪತ್ತಾದ ಬಗೆ

ಡಯಲ್ ಸುತ್ತ ನೂರು ಗೆರೆ, ಗುಟ್ಟಿನ ಸಂಖ್ಯೆಗಳು ಮೂರು. ಗುಣಿಸಿದರೆ ಹತ್ತು ಲಕ್ಷ ಜೋಡಣೆ. ಒಂದೊಂದಕ್ಕೆ ಹತ್ತು ಸೆಕೆಂಡು ಹಿಡಿಯಿತು ಅಂತಿಟ್ಟುಕೊಳ್ಳಿ. ಊಟ ನಿದ್ದೆ ಬಿಟ್ಟು ತಿರುಗಿಸುತ್ತ ಕೂತರೂ ಎಲ್ಲವನ್ನೂ ನೋಡಿ ಮುಗಿಸಲು 115 ದಿನ ಸಾಲದು. ನಂಬರ್ ಲಾಕಿನ ತಿಜೋರಿ ಕೊಂಡವರು ಈ ಲೆಕ್ಕವನ್ನು ನಂಬಿಯೇ ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ಲೆಕ್ಕವೇನೋ ಸರಿ. ಆದರೆ ಅದನ್ನು ಲೋಹದಲ್ಲಿ ಮಾಡಿ ಕೂರಿಸಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಬೀಗ ಬಿಚ್ಚಿ ನೋಡಿದವರು ಕಡಿಮೆ. ಹಾಗೆ ನೋಡಿದವರಲ್ಲಿ ಒಬ್ಬರು, ಮುಂದೆ 1965ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಫೈನ್‌ಮನ್.

1943ರಲ್ಲಿ ಅವರು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ಅಲಾಮೋಸ್‌ಗೆ ಬಂದಾಗ ಇಪ್ಪತ್ತೈದು ತುಂಬಿರಲಿಲ್ಲ. ಅಣುಬಾಂಬಿನ ಕೆಲಸ ನಡೆಯುತ್ತಿದ್ದ ಜಾಗ ಅದು. ಸುತ್ತ ಬೇಲಿ, ಬಾಗಿಲಲ್ಲಿ ಕಾವಲು, ಮನೆಗೆ ಬರೆದ ಕಾಗದಕ್ಕೂ ಸೆನ್ಸಾರ್. ಇಷ್ಟೆಲ್ಲ ಇದ್ದರೂ ಬಾಂಬಿನ ಲೆಕ್ಕ ಬರೆದ ಹಾಳೆಗಳು ಮೊದಮೊದಲು ಇದ್ದದ್ದು ಮರದ ಫೈಲು ಬೀರುಗಳಲ್ಲಿ. ಖಾನೆಗಳ ಹಿಡಿಯೊಳಗೆ ಒಂದು ಸರಳು ತೂರಿಸಿ ತುದಿಗೆ ಸಾದಾ ಬೀಗ ಹಾಕುತ್ತಿದ್ದರು. ಬೀಗದ ತಂಟೆಗೇ ಹೋಗದೆ, ಬೀರುವಿನ ತಳದಿಂದ ಕೈ ಹಾಕಿ ಹಾಳೆಗಳನ್ನು ಒಂದೊಂದಾಗಿ ಎಳೆಯಬಹುದು ಎಂದು ಫೈನ್‌ಮನ್ ಕಂಡುಕೊಂಡರು. ಸಭೆಗಳಲ್ಲಿ ಎದ್ದು ನಿಂತು, ನಮ್ಮ ಗುಟ್ಟುಗಳಿಗೆ ಇಷ್ಟೇ ಭದ್ರತೆ ಎಂದು ಹೇಳಿದರು. ತಮ್ಮ ಕಾಗದಗಳು ಮೇಜಿನ ಖಾನೆಯಲ್ಲಿವೆ, ಅದು ಇದಕ್ಕಿಂತ ಭದ್ರವಲ್ಲವೇ ಎಂದು ಅಲ್ಲಿದ್ದ ಇನ್ನೊಬ್ಬ ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್ ಕೇಳಿದರಂತೆ. ಸಭೆ ಮುಗಿಯುವ ಮೊದಲೇ ಫೈನ್‌ಮನ್ ಆ ಮೇಜಿನ ಹಿಂಬದಿಯ ಸಂದಿಯಿಂದ ಖಾನೆಯನ್ನು ಖಾಲಿ ಮಾಡಿದ್ದರು.

ಕೊನೆಗೆ ಹೊಸ ಬೀರುಗಳು ಬಂದವು. ಅವಕ್ಕೆ ಮಾಸ್ಲರ್ ಕಂಪನಿಯ ನಂಬರ್ ಲಾಕ್ ಇತ್ತು. ಈ ಕತೆ ನಿಜಕ್ಕೂ ಶುರುವಾಗುವುದು ಇಲ್ಲಿಂದ. ಇದನ್ನು ಹೇಳಿದವರು ಸ್ವತಃ ಫೈನ್‌ಮನ್. 1985ರಲ್ಲಿ ಬಂದ ಅವರ ನೆನಪುಗಳ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ತುಂಟಾಟದ ಕತೆಯೆಂದು ಅದನ್ನು ಓದಿ ನಕ್ಕು ಮುಂದೆ ಹೋಗುವವರೇ ಹೆಚ್ಚು. ನನಗೆ ಅದು ಅವರ ವಿಜ್ಞಾನದ ಬರಹಗಳ ಪಕ್ಕದಲ್ಲಿಟ್ಟು ಓದಬೇಕಾದ ಅಧ್ಯಾಯ. ಒಂದು ಪ್ರಶ್ನೆಯನ್ನು ಹೇಗೆ ಚಿಕ್ಕದು ಮಾಡಬೇಕು ಎಂಬುದು ಅಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣುತ್ತದೆ.

ಕಳ್ಳರ ಕೈಚಳಕದ ಬಗ್ಗೆ ಬಂದಿದ್ದ ಪುಸ್ತಕಗಳನ್ನು ಅವರು ಮೊದಲು ತರಿಸಿ ಓದಿದರು. ಅವುಗಳಲ್ಲಿ ಸಾಹಸ ಬೇಕಾದಷ್ಟಿತ್ತು, ತಿಜೋರಿ ತೆರೆದದ್ದು ಹೇಗೆಂಬುದು ಮಾತ್ರ ಇರಲಿಲ್ಲ. ಮತ್ತೆ ಮತ್ತೆ ಬರುತ್ತಿದ್ದ ಒಂದೇ ಒಂದು ಕೆಲಸದ ಮಾತೆಂದರೆ, ಮಾಲೀಕನ ಮನಸ್ಸನ್ನು ಓದು, ನಂಬರನ್ನು ಅವನು ಎಲ್ಲೋ ಬರೆದಿಟ್ಟಿರುತ್ತಾನೆ ಎಂಬುದು. ಅದನ್ನು ನೆನಪಲ್ಲಿಟ್ಟುಕೊಂಡು, ಪುಸ್ತಕ ಮುಚ್ಚಿ, ತಮ್ಮದೇ ಬೀರುವಿನ ಲಾಕನ್ನು ಬಿಚ್ಚಿದರು.

ಒಳಗೆ ಇದ್ದದ್ದು ಇಷ್ಟು. ಒಂದೇ ಅಚ್ಚಿನ ಮೇಲೆ ಒಂದರ ಹಿಂದೊಂದು ಮೂರು ಲೋಹದ ಬಿಲ್ಲೆಗಳು. ಪ್ರತಿ ಬಿಲ್ಲೆಯ ಅಂಚಿನಲ್ಲಿ ಒಂದು ಕಚ್ಚು. ಡಯಲ್ ತಿರುಗಿಸಿದರೆ ಮೂರೂ ಒಟ್ಟಿಗೆ ತಿರುಗುವುದಿಲ್ಲ. ರೈಲಿನ ಎಂಜಿನ್ ಹಿಂದಕ್ಕೆ ಬಂದು ಮೊದಲ ಬೋಗಿಗೆ ತಾಗಿ, ಅದು ಎರಡನೆಯದಕ್ಕೆ ತಾಗಿ, ಕೊನೆಗೆ ಎಲ್ಲವೂ ಚಲಿಸುವ ಹಾಗೆ, ಒಂದು ಬಿಲ್ಲೆಯ ಮೊಳೆ ಇನ್ನೊಂದರ ಮೊಳೆಗೆ ಬಡಿದ ಮೇಲೆಯೇ ಅದು ಹೊರಳುತ್ತದೆ. ಹಾಗಾಗಿ ಮೊದಲು ಹಲವು ಸುತ್ತು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ, ಮತ್ತೆ ಮೊದಲಿನ ಕಡೆಗೆ ತಿರುಗಿಸಿ ಒಂದೊಂದು ಬಿಲ್ಲೆಯನ್ನೂ ಅದರದರ ಜಾಗಕ್ಕೆ ತಂದು ನಿಲ್ಲಿಸಬೇಕು. ಮೂರರ ಕಚ್ಚೂ ಒಂದೇ ಸಾಲಿಗೆ ಬಂದಾಗ ಉದ್ದಕ್ಕೂ ಒಂದು ಸಂದಿ ಏರ್ಪಡುತ್ತದೆ. ಆಗ ಡಯಲನ್ನು 10ಕ್ಕೆ ತಂದರೆ ಅಗುಳಿ ಆ ಸಂದಿಯೊಳಕ್ಕೆ ಇಳಿಯುತ್ತದೆ, ಖಾನೆ ಬಿಡುತ್ತದೆ.

ಬಿಚ್ಚಿದ ಲಾಕನ್ನು ಕೈಯಲ್ಲಿ ಹಿಡಿದು ಆಡಿಸುತ್ತಿರುವಾಗಲೇ ಮೊದಲ ಸುಳಿವು ಸಿಕ್ಕಿದ್ದು. ಕಚ್ಚು ಅಗುಳಿಗಿಂತ ಒಂದಿಷ್ಟು ಅಗಲ ಇರಲೇಬೇಕು, ಇಲ್ಲದಿದ್ದರೆ ಅಗುಳಿ ಸಿಕ್ಕಿಕೊಳ್ಳುತ್ತದೆ. ಮೊಳೆಗಳ ನಡುವೆಯೂ ಸ್ವಲ್ಪ ಸಡಿಲ ಬೇಕು. ಹಾಗಿದ್ದರೆ ಸಂಖ್ಯೆ ಕರಾರುವಾಕ್ಕಾಗಿ ಇರಬೇಕಾಗಿಲ್ಲ! ಗುಟ್ಟಿನ ಸಂಖ್ಯೆ 69 ಆಗಿದ್ದರೆ 67ರಿಂದ 71ರವರೆಗೆ ಯಾವುದಾದರೂ ನಡೆಯುತ್ತದೆ. ಅಂದ ಮೇಲೆ ನೂರೂ ಗೆರೆಗಳನ್ನು ಯಾಕೆ ನೋಡಬೇಕು? ಐದಕ್ಕೊಂದು ನೋಡಿದರೆ ಸಾಕು. 0, 5, 10, 15 ಹೀಗೆ ಹೋದರೆ ಇಪ್ಪತ್ತೇ ಸಂಖ್ಯೆ. ಇಪ್ಪತ್ತನ್ನು ಮೂರು ಸಲ ಗುಣಿಸಿದರೆ 8,000. ಹತ್ತು ಲಕ್ಷದಲ್ಲಿ 9,92,000 ಜೋಡಣೆಗಳು ಬರೀ ಡಯಲ್ ಮೇಲಿನ ಗೆರೆಗಳಾಗಿದ್ದವು, ಬೀಗದೊಳಗೆ ಅವು ಇರಲೇ ಇಲ್ಲ.

ಎಂಟು ಸಾವಿರವೂ ಸಣ್ಣದೇನಲ್ಲ. ಪ್ರತಿ ಸಲವೂ ಮೊದಲಿನಿಂದ ಸುತ್ತಿಕೊಂಡು ಬಂದರೆ ದಿನಗಟ್ಟಲೆ ಆದೀತು. ಮೊದಲ ಬಿಲ್ಲೆಯನ್ನು ಒಂದು ಸಂಖ್ಯೆಗೆ ನಿಲ್ಲಿಸಿ, ಅದನ್ನು ಕದಲಿಸದೆ ಉಳಿದ ಎರಡನ್ನು ಮಾತ್ರ ಬದಲಿಸುತ್ತ ಹೋಗುವ ಕ್ರಮವೊಂದನ್ನು ಫೈನ್‌ಮನ್ ರೂಢಿ ಮಾಡಿಕೊಂಡರು. ಎರಡು ಬಿಲ್ಲೆಗಳ 400 ಜೋಡಣೆಗಳನ್ನು ಅರ್ಧ ಗಂಟೆಯೊಳಗೆ ಮುಗಿಸುವಷ್ಟು ಕೈ ಪಳಗಿತು. ಇಪ್ಪತ್ತು ಸಲ ಹೀಗೆ ಮಾಡಿದರೆ ಅವರ ಲೆಕ್ಕದಲ್ಲಿ ಹೆಚ್ಚೆಂದರೆ ಎಂಟು ಗಂಟೆ, ಸರಾಸರಿ ನಾಲ್ಕು. ಕಳ್ಳನಿಗೆ ಅದೂ ಜಾಸ್ತಿಯೇ. ತೋರಿಸುವುದಕ್ಕೆ ಚೆನ್ನಾಗಿತ್ತು, ಪ್ರಯೋಜನಕ್ಕೆ ಬರುವಂತಿರಲಿಲ್ಲ.

ಮುಂದಿನ ಹೆಜ್ಜೆಯೇ ಇಡೀ ಕತೆಯ ಜೀವ. ಮುಚ್ಚಿದ ಬೀರುವನ್ನು ಬಿಟ್ಟು ಅವರು ತೆರೆದ ಬೀರುವಿನ ಕಡೆಗೆ ತಿರುಗಿದರು. ಕೆಲಸದ ಹೊತ್ತಿನಲ್ಲಿ ಎಲ್ಲರ ಬೀರುಗಳೂ ತೆರೆದೇ ಇರುತ್ತಿದ್ದವು, ಖಾನೆ ಹೊರಗೆ, ಡಯಲ್ 10ರ ಮೇಲೆ, ಅಗುಳಿ ಕೆಳಗೆ. ಅಂದರೆ ಮೂರು ಬಿಲ್ಲೆಗಳೂ ಆ ಹೊತ್ತಿಗೆ ಸರಿಯಾದ ಜಾಗದಲ್ಲಿಯೇ ಇವೆ. ಮಾಲೀಕ ಬೆಳಿಗ್ಗೆ ತಿರುಗಿಸಿದ ಗುಟ್ಟು ಹಾಗೆಯೇ ಒಳಗೆ ನಿಂತಿದೆ. ಅದನ್ನು ಓದುವುದು ಹೇಗೆ?

ಡಯಲನ್ನು 10ರಿಂದ ಸ್ವಲ್ಪ ಆಚೆಗೆ ತಿರುಗಿಸಿದರೆ ಅಗುಳಿ ಮೇಲೆದ್ದು ಬರುತ್ತದೆ. ಮತ್ತೆ 10ಕ್ಕೆ ತಂದರೆ ಇಳಿಯುತ್ತದೆ, ಏಕೆಂದರೆ ಬಿಲ್ಲೆಗಳು ಇನ್ನೂ ಕದಲಿಲ್ಲ. ಇನ್ನೈದು ಗೆರೆ ಆಚೆಗೆ ಒಯ್ದು, ವಾಪಸು ತಂದು ನೋಡಬೇಕು. ಇಳಿಯಿತು. ಇನ್ನೈದು. ಇಳಿಯಿತು. ಹೀಗೆ ಹೋಗುತ್ತ ಒಂದು ಸಲ 10ಕ್ಕೆ ಬಂದರೂ ಅಗುಳಿ ಇಳಿಯುವುದಿಲ್ಲ. ಆ ಕ್ಷಣದಲ್ಲಿ ಕಡೆಯ ಬಿಲ್ಲೆ ಕದಲಿತು ಎಂದರ್ಥ. ಎಲ್ಲಿ ಕದಲಿತೋ ಅದೇ ಕಡೆಯ ಸಂಖ್ಯೆ. ಅದೇ ಉಪಾಯವನ್ನು ಮುಂದುವರಿಸಿದರೆ ನಡುವಿನ ಬಿಲ್ಲೆಯ ಸಂಖ್ಯೆಯೂ ಸಿಗುತ್ತದೆ. ಉಳಿದದ್ದು ಮೊದಲನೆಯದು ಮಾತ್ರ, ಅದಕ್ಕೆ ಇಪ್ಪತ್ತೇ ಸಾಧ್ಯತೆ. ಹತ್ತು ಲಕ್ಷ 8,000ಕ್ಕೆ ಇಳಿದಿತ್ತು, ಈಗ 20ಕ್ಕೆ ಬಂತು. ಕೆಲವೇ ನಿಮಿಷಗಳ ಕೆಲಸ.

ಇದನ್ನು ಅವರು ಕಣ್ಣಿಟ್ಟು ನೋಡದೆ, ಬೆರಳಿನ ಅಂದಾಜಿನಲ್ಲೇ ಮಾಡುವುದನ್ನು ಕಲಿತರು. ಯಾರದೋ ಕೊಠಡಿಯಲ್ಲಿ ಭೌತಶಾಸ್ತ್ರ ಮಾತಾಡುತ್ತ, ತೆರೆದ ಬೀರುವಿಗೆ ಒರಗಿ ನಿಂತು, ಸುಮ್ಮನೆ ಕೈ ಆಡಿಸುತ್ತಿರುವಂತೆ ಡಯಲ್ ತಿರುಗಿಸುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಎರಡು ಸಂಖ್ಯೆ ಸಿಕ್ಕಿರುತ್ತಿದ್ದವು. ಹೀಗೆ ಸೇರಿಸಿದ ಸಂಖ್ಯೆಗಳ ಚೀಟಿಯನ್ನು ಬಚ್ಚಿಟ್ಟದ್ದು ತಮ್ಮದೇ ಬೀರುವಿನ ಲಾಕ್ ಬಿಚ್ಚಿ, ಅದರೊಳಗೆ. ಯಾರಾದರೂ ಊರಲ್ಲಿಲ್ಲದಾಗ ಅವರ ಬೀರುವಿನಲ್ಲಿದ್ದ ವರದಿ ತುರ್ತಾಗಿ ಬೇಕಾದರೆ ಜನ ಫೈನ್‌ಮನ್‌ರನ್ನು ಕರೆಯುತ್ತಿದ್ದರು. ಅವರು ಮೊದಲು ತಮ್ಮ ಕೊಠಡಿಗೆ ಹೋಗಿ ಚೀಟಿ ನೋಡಿಕೊಂಡು, ಒಂದು ಸ್ಕ್ರೂಡ್ರೈವರ್ ಹಿಡಿದು ಬಂದು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೀರು ತೆರೆದಾದ ಮೇಲೂ ಹದಿನೈದಿಪ್ಪತ್ತು ನಿಮಿಷ ಪತ್ರಿಕೆ ಓದುತ್ತ ಒಳಗೇ ಕೂತಿದ್ದು ಹೊರಗೆ ಬರುತ್ತಿದ್ದರು. ಬೇಗ ಬಂದರೆ ಇದರಲ್ಲೇನೋ ಉಪಾಯವಿದೆ ಎಂದು ಗೊತ್ತಾಗಿಬಿಡುತ್ತದಲ್ಲ!

ಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸುತ್ತಿದ್ದ ಓಕ್ ರಿಡ್ಜ್‌ನಲ್ಲಿ ಒಬ್ಬ ಕರ್ನಲ್ಲರ ಕೊಠಡಿಯಲ್ಲಿ ಎರಡು ಬಾಗಿಲಿನ ಭಾರಿ ತಿಜೋರಿ ಇತ್ತು. ಬಾಗಿಲಲ್ಲಿ ಉಕ್ಕಿನ ದಪ್ಪ ಅಗುಳಿಗಳು, ಕೂರಿಸಿದ್ದ ಲಾಕ್ ಮಾತ್ರ ಫೈಲು ಬೀರುವಿನದೇ. ಅಲ್ಲಿಗೂ ಹೋದಾಗ ಫೈನ್‌ಮನ್ ಎರಡು ಸಂಖ್ಯೆ ಹಿಡಿದರು, ಆಮೇಲೆ ಕರ್ನಲ್ಲರ ಎದುರೇ ತೆರೆದು ತೋರಿಸಿದರು. ತೋರಿಸಿದ್ದಲ್ಲದೆ ಕಾರಣವನ್ನೂ ವಿವರಿಸಿ ಹೇಳಿದರು, ಅಪಾಯ ಇರುವುದು ಬಾಗಿಲು ತೆರೆದಿಡುವುದರಲ್ಲಿ, ಕೆಲಸ ಮಾಡುವಾಗಲೂ ಮುಚ್ಚಿಡಲು ಹೇಳಿ ಎಂದರು. ಕರ್ನಲ್ಲರು ಎಲ್ಲರಿಗೂ ಒಂದು ಸುತ್ತೋಲೆ ಕಳಿಸಿದರು. ಫೈನ್‌ಮನ್ ಯಾರ ಕೊಠಡಿಗೆ ಬಂದಿದ್ದರೋ, ಯಾರ ಕೊಠಡಿಯ ಹತ್ತಿರ ಸುಳಿದಿದ್ದರೋ ಅವರೆಲ್ಲ ನಂಬರ್ ಬದಲಿಸಬೇಕೆಂದು ಅದರಲ್ಲಿತ್ತು. ಬಾಗಿಲು ಮುಚ್ಚಿಡಿ ಎಂಬ ಮಾತು ಇರಲಿಲ್ಲ. ದೋಷ ತೋರಿಸಿದವನನ್ನೇ ದೋಷವೆಂದು ತಿಳಿಯುವ ಈ ರೋಗ ಇಂದಿಗೂ ಆಫೀಸುಗಳನ್ನು ಬಿಟ್ಟಿಲ್ಲ. ಅದಕ್ಕೇ ಈ ಪ್ರಸಂಗ ಓದಿದಾಗೆಲ್ಲ ನನಗೆ ನಗುವಿಗಿಂತ ಸಂಕಟವೇ ಹೆಚ್ಚು.

ಯುದ್ಧ ಮುಗಿದ ಮೇಲೆ ಒಮ್ಮೆ ವರದಿಯೊಂದನ್ನು ಮುಗಿಸಲು ಫೈನ್‌ಮನ್ ಲಾಸ್ ಅಲಾಮೋಸ್‌ಗೆ ಬಂದಿದ್ದರು. ಬೇಕಾಗಿದ್ದ ದಾಖಲೆ ಇದ್ದದ್ದು ಅಲ್ಲಿನ ಭೌತವಿಜ್ಞಾನಿ ಫ್ರೆಡ್ರಿಕ್ ಡಿ ಹಾಫ್‌ಮನ್ ಅವರ ಕೊಠಡಿಯ ಬೀರುಗಳಲ್ಲಿ. ಬಾಂಬಿನ ಕುರಿತ ಮುಖ್ಯ ದಾಖಲೆಗಳೆಲ್ಲ ಇದ್ದ ಒಂಬತ್ತು ಬೀರುಗಳು. ಮಾಲೀಕರು ಹೊರಗೆ ಹೋಗಿದ್ದರು. ಈ ಬೀರುಗಳ ಸಂಖ್ಯೆಗಳನ್ನು ಫೈನ್‌ಮನ್ ಹಿಂದೆ ಹಿಡಿದಿರಲಿಲ್ಲ. ಕಳ್ಳರ ಪುಸ್ತಕಗಳಲ್ಲಿ ಓದಿದ್ದ ಮಾತು ಆಗ ನೆನಪಾಗಿ ಕಾರ್ಯದರ್ಶಿಯ ಮೇಜಿನ ಖಾನೆ ಎಳೆದರು. ಅಲ್ಲೊಂದು ಹಾಳೆಯಲ್ಲಿ ಗ್ರೀಕ್ ಅಕ್ಷರಗಳು, ಕೊನೆಯಲ್ಲಿ ಪೈ ಬೆಲೆ, 3.14159. ಕಾರ್ಯದರ್ಶಿಗೆ ಪೈ ಯಾಕೆ, ಅದೂ ಆರು ಅಂಕೆಗಳವರೆಗೆ? 31-41-59 ತಿರುಗಿಸಿದರು. ತೆರೆಯಲಿಲ್ಲ. ಹಿಂದುಮುಂದು ಮಾಡಿದರು. ಊಹೂಂ. ಬಿಟ್ಟು ಹೊರಡುವ ಮೊದಲು ಇನ್ನೊಂದು ಯೋಚನೆ ಬಂತು. ಗಣಿತ ಬಲ್ಲವರಿಗೆ ಪೈ ಬಿಟ್ಟರೆ ಮುಖ್ಯವಾದ ಸಂಖ್ಯೆ ಯಾವುದು? ಸಹಜ ಲಾಗರಿತಮ್‌ನ ಆಧಾರ ಸಂಖ್ಯೆ, 2.71828. 27-18-28 ತಿರುಗಿಸಿದರು. ಅಗುಳಿ ಇಳಿಯಿತು. ಎರಡನೆಯ ಬೀರುವಿಗೂ ಅದೇ ಸಂಖ್ಯೆ, ಮೂರನೆಯದಕ್ಕೂ ಅದೇ. ಅವರು ಒಳಗೆ ಚೀಟಿಗಳನ್ನು ಇಟ್ಟು ಬಂದರು. ಆ ಚೀಟಿ ಕಂಡ ಡಿ ಹಾಫ್‌ಮನ್‌ರ ಮುಖ ಬಿಳಚಿಕೊಂಡಿತಂತೆ. ಇಲ್ಲಿ ಬಿಲ್ಲೆಯ ಸಡಿಲವಾಗಲಿ ಐದರ ಲೆಕ್ಕವಾಗಲಿ ಬೇಕಾಗಲೇ ಇಲ್ಲ. ಬೀಗ ಗಟ್ಟಿಯಾಗಿಯೇ ಇತ್ತು, ಸಂಖ್ಯೆ ಆರಿಸಿದವರ ಅಭ್ಯಾಸ ಅದನ್ನು ತೆರೆದುಕೊಟ್ಟಿತು.

ಲಾಸ್ ಅಲಾಮೋಸ್‌ನ ಒಬ್ಬ ಕ್ಯಾಪ್ಟನ್ ತಮ್ಮ ಕಾಗದಗಳಿಗೆ ಬೀರು ಸಾಲದೆಂದು ದೊಡ್ಡ ತಿಜೋರಿಯನ್ನೇ ತರಿಸಿಕೊಂಡಿದ್ದರು. ಯುದ್ಧ ಮುಗಿದು ಅವರು ಹೊರಟುಹೋದರು, ನಂಬರ್ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಬೀಗ ರಿಪೇರಿಯವನು ಹೋಗಿ ಅದನ್ನು ಕೆಲವೇ ನಿಮಿಷದಲ್ಲಿ ತೆರೆದ ಎಂಬ ಸುದ್ದಿ ಫೈನ್‌ಮನ್ ಕಿವಿಗೆ ಬಿತ್ತು. ಅಂಥ ವಿದ್ಯೆ ಬಲ್ಲವನು ಇಲ್ಲೇ ಇದ್ದಾನೆ ಎಂದ ಮೇಲೆ ಬಿಟ್ಟಾರೆಯೇ? ದಿನಾ ನಮಸ್ಕಾರ ಹೇಳಿ, ಪರಿಚಯ ಬೆಳೆಸಿ, ಕೊನೆಗೆ ಕೇಳಿಯೇ ಬಿಟ್ಟರು. ಆತನೋ ಫೈನ್‌ಮನ್‌ರಿಂದಲೇ ಕಲಿಯಬೇಕೆಂದು ಕಾಯುತ್ತಿದ್ದವನು! ಡ್ರಿಲ್ ಹಾಕದೆ ತೆರೆಯುವುದು ತನಗೆ ಗೊತ್ತಿಲ್ಲ ಎಂದ. ಮತ್ತೆ ಕ್ಯಾಪ್ಟನ್‌ರ ತಿಜೋರಿ? ಕಾರ್ಖಾನೆಯಿಂದ ಲಾಕುಗಳು ಬರುವಾಗ 25-0-25 ಅಥವಾ 50-25-50ಕ್ಕೆ ಹೊಂದಿಸಿರುತ್ತವೆ, ಅವರು ಬದಲಿಸದೇ ಇದ್ದಾರು ಎಂದುಕೊಂಡು ತಿರುಗಿಸಿ ನೋಡಿದೆ, ತೆರೆಯಿತು ಎಂದ. ಫೈನ್‌ಮನ್ ಆಮೇಲೆ ಕೊಠಡಿಯಿಂದ ಕೊಠಡಿಗೆ ಹೋಗಿ ಆ ಎರಡೇ ಜೋಡಣೆಗಳನ್ನು ಪ್ರಯೋಗಿಸಿದರು. ಐದರಲ್ಲಿ ಒಂದು ತೆರೆಯಿತು. ಅಣುಬಾಂಬಿನ ಊರಿನಲ್ಲಿ ಪರಿಸ್ಥಿತಿ ಹೀಗಿತ್ತು.

ಇನ್ನು ಸಿನಿಮಾದಲ್ಲಿ ತೋರಿಸುವ ವಿದ್ಯೆಯ ವಿಷಯ. ತೆರೆದ ಬಾಗಿಲು ಸಿಕ್ಕಿಲ್ಲ, ಸಂಖ್ಯೆ ಬರೆದಿಟ್ಟಿಲ್ಲ, ಕಾರ್ಖಾನೆಯ ನಂಬರೂ ಅಲ್ಲ. ಹೊರಗಿನಿಂದಲೇ ತಿಜೋರಿಯನ್ನು ತೆರೆಯಲು ಬರುತ್ತದೆಯೇ? ಬರುತ್ತದೆ. ಕಿವಿಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ವಿದ್ಯೆಯಲ್ಲ ಅದು, ಹೆಚ್ಚಾಗಿ ಕಣ್ಣು, ಬೆರಳು, ಗ್ರಾಫ್ ಹಾಳೆಯ ಕೆಲಸ. ಅದರ ಬೇರು ಬೀಗದ ಕೈ ಇದ್ದ ಕಾಲದ್ದು. 1851ರ ಲಂಡನ್ನಿನ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ಯಾರೂ ತೆರೆಯಲಾರರು ಎಂದು ಇಂಗ್ಲೆಂಡ್ ನಂಬಿದ್ದ ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದರು. ಜೋಸೆಫ್ ಬ್ರಾಮಾ ಅವರ ಬೀಗ ದಶಕಗಳಿಂದ ಪಿಕಡಿಲಿಯ ಅಂಗಡಿಯ ಗಾಜಿನ ಹಿಂದೆ, ತೆರೆದವರಿಗೆ 200 ಗಿನಿ ಎಂಬ ಸವಾಲಿನೊಂದಿಗೆ ಕೂತಿತ್ತು. ಹಾಬ್ಸ್ ಅದಕ್ಕೆ 16 ದಿನಗಳಲ್ಲಿ ಹಂಚಿದ 51 ಗಂಟೆ ತೆಗೆದುಕೊಂಡರು. ಒಂದೇ ಅಳತೆಯೆಂದು ಮಾಡಿದ ಎರಡು ಭಾಗಗಳು ನಿಜಕ್ಕೂ ಒಂದೇ ಅಳತೆ ಇರುವುದಿಲ್ಲ ಎಂಬುದೇ ಅವರ ಬಂಡವಾಳ. ಅಗುಳಿಗೆ ಒತ್ತಡ ಕೊಟ್ಟರೆ ಎಲ್ಲ ಭಾಗಗಳೂ ಸಮನಾಗಿ ಬಿಗಿಯುವುದಿಲ್ಲ. ಒಂದು ಮೊದಲು ಬಿಗಿಯುತ್ತದೆ. ಬಿಗಿದದ್ದನ್ನು ಹುಡುಕಿ ಅದರ ಜಾಗಕ್ಕೆ ತಂದರೆ ಸರದಿ ಇನ್ನೊಂದಕ್ಕೆ.

ನಂಬರ್ ಲಾಕಿನ ಬಿಲ್ಲೆಗಳಿಗೂ ಇದೇ ನ್ಯಾಯ. ಇಂದಿನ ಸಾಮಾನ್ಯ ಲಾಕಿನಲ್ಲಿ ಮೂರು ಬಿಲ್ಲೆಗಳ ನೆತ್ತಿಯ ಮೇಲೆ ಒಂದು ಸಣ್ಣ ಸರಳು ಕೂರಲು ಕಾದಿರುತ್ತದೆ. ಮೂರೂ ಬಿಲ್ಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಗಾತ್ರ ಇರುವುದಿಲ್ಲವಾದ್ದರಿಂದ ಸರಳು ತಾಗುವುದು ಎಲ್ಲಕ್ಕಿಂತ ದೊಡ್ಡದಕ್ಕೆ. ಆ ಬಿಲ್ಲೆಯ ಕಚ್ಚು ಸರಳಿನ ಕೆಳಗೆ ಬಂದಾಗ ಸರಳು ತುಸುವೇ ತಗ್ಗುತ್ತದೆ. ಎಷ್ಟು ತಗ್ಗಿತೆಂಬುದನ್ನು ಡಯಲಿನಲ್ಲಿ ಓದಬಹುದು. ಡಯಲನ್ನು ಒಂದು ಜಾಗದ ಎರಡೂ ಬದಿಗೆ ಮೆಲ್ಲಗೆ ಆಡಿಸಿದರೆ ಎಡಕ್ಕೊಂದು, ಬಲಕ್ಕೊಂದು ಕಡೆ ಮೆತ್ತಗೆ ತಡೆದಂತಾಗುತ್ತದೆ. ಆ ಎರಡು ಗುರುತುಗಳ ನಡುವಿನ ಅಂತರವನ್ನು ಗೆರೆಯ ಎಂಟನೇ ಒಂದು ಭಾಗದವರೆಗೂ ಬರೆದುಕೊಳ್ಳುತ್ತಾರೆ. ಬಿಲ್ಲೆಗಳನ್ನು ಎರಡೂವರೆ ಗೆರೆ ಸರಿಸಿ ಮತ್ತೆ ಅಳೆಯುತ್ತಾರೆ. ಡಯಲಿನ ಪೂರ್ತಿ ಸುತ್ತು ಹೀಗೆ ನಲವತ್ತು ಅಳತೆ. ಗ್ರಾಫ್ ಹಾಕಿದರೆ ಒಂದು ಕಡೆ ಎರಡೂ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಅಲ್ಲೊಂದು ಕಚ್ಚು ಇದೆ. ಅದನ್ನು ಹಿಡಿದಿಟ್ಟು ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಇಲ್ಲಿ ಗುಣಾಕಾರವೇ ಇಲ್ಲ, ಬರೀ ಸಂಕಲನ. ಮೂರು ಗುಟ್ಟು ಒಟ್ಟಿಗೆ ಗೊತ್ತಾಗಬೇಕೆಂಬ ಊಹೆಯ ಮೇಲೆ ನಿಂತಿದ್ದ ಹತ್ತು ಲಕ್ಷ, ಒಂದೊಂದಾಗಿ ಗೊತ್ತುಮಾಡಿಕೊಳ್ಳಲು ಬಂದರೆ ಕುಸಿದು ಬೀಳುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಅತಿ ಸುಂದರವಾದ ಜಾಗ ಇದು. ಈ ವಿಧಾನಕ್ಕೂ ಜಗ್ಗದಂತೆ ಮಾಡಿದ ಲಾಕುಗಳೂ ಇವೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಮೊದಲ ದರ್ಜೆ ಕೊಡಬೇಕಾದರೆ ಪರಿಣತರ ಕೈಯಲ್ಲಿ ಲಾಕ್ 20 ಗಂಟೆ ತಡೆಯಬೇಕು.

ಬಹುಕಾಲ ಇದು ಕಸುಬಿನವರೊಳಗೇ ಉಳಿದಿದ್ದ ವಿದ್ಯೆ. 2004ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಮ್ಯಾಟ್ ಬ್ಲೇಜ್ ಇದನ್ನೆಲ್ಲ ಚಿತ್ರಗಳೊಂದಿಗೆ ಬರೆದು ಪ್ರಕಟಿಸಿದಾಗ ಬೀಗದ ಕಸುಬಿನ ಹಲವರು ಸಿಟ್ಟಾದರು. ಬ್ಲೇಜ್ ಮಾಡಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವವನಿಗೆ ತಾನು ಕೊಂಡದ್ದು ಎಷ್ಟು ಗಟ್ಟಿ ಎಂದು ತಿಳಿಯುವ ಹಕ್ಕಿದೆ.

2017ರಲ್ಲಿ ಕೊಲರಾಡೊದ ಸ್ಪಾರ್ಕ್‌ಫನ್ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿಯ ಸ್ಥಾಪಕ ನೇಥನ್ ಸೀಡಲ್ ಈ ಸರಣಿಗೆ ಇನ್ನೊಂದು ಕೊಂಡಿ ಸೇರಿಸಿದರು. ಅವರ ಹೆಂಡತಿ ಕ್ರಿಸ್‌ಮಸ್ ಉಡುಗೊರೆಯಾಗಿ ಕೊಟ್ಟದ್ದು ನಂಬರ್ ಮರೆತುಹೋದ ಒಂದು ಹಳೆಯ ತಿಜೋರಿ. ಸೀಡಲ್ ಮತ್ತು ಸಂಗಡಿಗರು ಸುಮಾರು 200 ಡಾಲರ್ ಖರ್ಚಿನಲ್ಲಿ, ಡಯಲ್ ತಿರುಗಿಸುವ ಪುಟ್ಟ ರೋಬಾಟ್ ಮಾಡಿದರು. ಆ ತಿಜೋರಿಯ ಬಿಲ್ಲೆಯಲ್ಲೂ ಆಚೆಗೂ ಈಚೆಗೂ ಗೆರೆಯೊಂದರ ಸಡಿಲವಿತ್ತು, ಹಾಗಾಗಿ ನೂರರ ಬದಲು 33 ನೋಡಿದರೆ ಸಾಕು. ಮೂರನೆಯ ಬಿಲ್ಲೆಯಲ್ಲಿ ಕಳ್ಳರನ್ನು ದಾರಿ ತಪ್ಪಿಸಲೆಂದು ಹನ್ನೆರಡು ಕಚ್ಚುಗಳಿದ್ದವು, ನಿಜವಾದದ್ದು ಒಂದೇ. ಆದರೆ ಅದರ ಅಗಲ ಉಳಿದವಕ್ಕಿಂತ ಅತಿ ಸ್ವಲ್ಪ ಬೇರೆ. ರೋಬಾಟ್ ಹೊರಗಿನಿಂದಲೇ ಅದನ್ನು ಅಳೆದು ಮೂರನೆಯ ಸಂಖ್ಯೆ ಹೇಳಿಬಿಟ್ಟಿತು. ಉಳಿದದ್ದು 33ನ್ನು 33ರಿಂದ ಗುಣಿಸಿದಷ್ಟು, 1,089. ಆ ವರ್ಷ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್ ಕಾನ್ ಸಮ್ಮೇಳನದ ವೇದಿಕೆಯಲ್ಲಿ ಸಭಿಕರ ಎದುರೇ ಅದು ಇನ್ನೊಂದು ತಿಜೋರಿಯನ್ನು ಸುಮಾರು ಅರ್ಧ ಗಂಟೆಯಲ್ಲಿ ತೆರೆಯಿತು. ಫೈನ್‌ಮನ್ ಬೆರಳಿನಲ್ಲಿ ಕಂಡ ಸಡಿಲವನ್ನೇ ಅದು ಮೋಟರಿನಲ್ಲಿ ಕಂಡಿತ್ತು.

ಮನೆಗೆ ಡಿಜಿಟಲ್ ತಿಜೋರಿ ತಂದವರಲ್ಲಿ ಒಂದು ಕೋರಿಕೆ. ಕಾರ್ಖಾನೆಯಿಂದ ಬಂದ ನಂಬರನ್ನು ಇವತ್ತೇ ಬದಲಿಸಿ, ಹುಟ್ಟಿದ ತಾರೀಕು ಇಡಬೇಡಿ, ಒಂದೇ ನಂಬರನ್ನು ಎರಡು ಕಡೆ ಬಳಸಬೇಡಿ. ನಂಬರ್ ಮರೆತುಹೋದರೆ ಸುತ್ತಿಗೆ ಹಿಡಿಯಬೇಡಿ, ಕೆಲಸ ಬಲ್ಲವರನ್ನು ಕರೆಸಿ. ತಿಜೋರಿ ತೆರೆದಿಟ್ಟು ಪಕ್ಕದ ಕೋಣೆಗೆ ಹೋಗುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.